ಸಾಲುಮನೆ ಮಾರಿದ ಬಗೆ

ಒಂದು ಮನೆಯಲ್ಲಿ ಹದಿನಾಲ್ಕು ವರ್ಷ ಬಾಳಿದರೂ ನಾಲ್ಕು ಜನರಿಗೆ ಹೇಳಿ ನಗಿಸುವಂಥದ್ದು ಏನೂ ನಡೆಯದಿರಬಹುದು. ಅದೇ ಮನೆಯನ್ನು ಮಾರುತ್ತೇನೆಂದು ಒಂದು ಮಾತು ಆಡಿದರೆ ಸಾಕು, ವಾರಕ್ಕೊಂದು ನಡೆಯಲು ಶುರುವಾಗುತ್ತದೆ.

ನಮ್ಮ ಮನೆ ಸ್ವೀಡನ್ನಿನ ಲಿಂಕೋಪಿಂಗ್‌ನಿಂದ ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷ ದೂರದ ಒಂದು ಹಳ್ಳಿಯಲ್ಲಿತ್ತು. ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಏಳು ಮನೆಗಳ ಸಾಲು. ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ನಮ್ಮದು ನಾಲ್ಕನೆಯದು. ನಮ್ಮನೆಯವರು ವಿಮಾನದ ರೆಕ್ಕೆಗಳ ಲೆಕ್ಕ ಹಾಕುವ ಎಂಜಿನಿಯರ್ ಆಗಿದ್ದರು. ನಾನು ಅದೇ ಹಳ್ಳಿಯ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅವರು ತೀರಿಕೊಂಡು ಎರಡು ಚಳಿಗಾಲ ಕಳೆದಿತ್ತು. ಮಗಳು ಗೋಥೆನ್‌ಬರ್ಗ್‌ನ ಲಿಂಡ್‌ಹೋಲ್ಮೆನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಳು. ಪ್ರತಿ ಭಾನುವಾರ ಫೋನ್ ಮಾಡಿ, "ಅಮ್ಮ, ಐದು ರೂಮಲ್ಲಿ ಒಬ್ಳೇ ಏನ್ ಮಾಡ್ತೀಯಾ? ಇಲ್ಲಿಗೆ ಬಾ" ಎನ್ನುತ್ತಿದ್ದಳು. ಕೊನೆಗೆ ಅಲ್ಲಿನ ಒಂದು ಶಾಲೆಗೆ ಅರ್ಜಿ ಹಾಕಿದೆ. ಕೆಲಸ ಸಿಕ್ಕಿಯೇಬಿಟ್ಟಿತು. ಆಗಸ್ಟ್‌ನಲ್ಲಿ ಸೇರಿಕೊಳ್ಳಬೇಕು, ಅಷ್ಟರಲ್ಲಿ ಮನೆ ಮಾರಬೇಕು.

ಮಾರುತ್ತೇನೆಂದು ಮಗಳಿಗೆ ಮಾತು ಕೊಟ್ಟೆ. ಯಾರೂ ಕೊಳ್ಳದಿರಲಿ ಎಂದು ದೇವರಲ್ಲಿ ಬೇಡಿಕೊಂಡೆ. ಎರಡನ್ನೂ ಒಂದೇ ದಿನ, ಒಂದೇ ಶ್ರದ್ಧೆಯಿಂದ ಮಾಡಿದೆ.

೧. ಬಚ್ಚಲುಮನೆಯ ದಾಖಲೆ

ಮನೆ ಮಾರಿಸಿಕೊಡುವ ಬ್ರೋಕರ್ ಮಾರ್ಚ್ ತಿಂಗಳಲ್ಲಿ ಬಂದರು. ನಲವತ್ತರ ಆಸುಪಾಸಿನ, ಎತ್ತರದ, ಯಾವುದನ್ನು ನೋಡಿದರೂ ಚೆನ್ನಾಗಿದೆ ಎನ್ನುವ ಹೆಂಗಸು. ಕೈಯಲ್ಲಿ ಗೋಡೆಯ ಮೇಲೆ ಕೆಂಪು ಚುಕ್ಕೆ ಬೀಳಿಸಿ ಅಳತೆ ಹೇಳುವ ಒಂದು ಯಂತ್ರವಿತ್ತು. ಅವರು ಗುಂಡಿ ಒತ್ತುವ ಮೊದಲೇ ನಾನು, "ಮೂರು ಮೀಟರ್ ನಲವತ್ತೆರಡು ಸೆಂಟಿಮೀಟರ್" ಅಂದೆ. ಯಂತ್ರವೂ ಹಾಗೇ ಅಂದಿತು. ಮೂರನೆಯ ಕೋಣೆಯ ಹೊತ್ತಿಗೆ ಅವರು ಅದನ್ನು ಚೀಲದಲ್ಲಿಟ್ಟು ನನ್ನನ್ನೇ ಕೇಳತೊಡಗಿದರು.

ಜಾಹೀರಾತಿನಲ್ಲಿ "ಆಧುನೀಕರಿಸಿದ, ಕುಟುಂಬಕ್ಕೆ ಹೇಳಿ ಮಾಡಿಸಿದ ಸಾಲುಮನೆ" ಎಂದು ಬರೆಯುವುದಾಗಿ ಹೇಳಿದರು. ಆಧುನೀಕರಿಸಿದ್ದು ಯಾರು ಎಂದು ಕೇಳಿದರು. ಅಡುಗೆಮನೆ, ನೆಲ, ಬಚ್ಚಲುಮನೆ ಎಲ್ಲವನ್ನೂ ನಮ್ಮನೆಯವರೇ ರಜೆಯ ದಿನಗಳಲ್ಲಿ ಮಾಡಿದ್ದು ಅಂದೆ. ಬ್ರೋಕರ್ ಬರೆಯುವುದನ್ನು ನಿಲ್ಲಿಸಿದರು. ಈ ದೇಶದಲ್ಲಿ ಬಚ್ಚಲುಮನೆಗೆ ಟೈಲ್ಸ್ ಹಾಕಿದವರು ನೀರು ಸೋರುವುದಿಲ್ಲವೆಂದು ಪ್ರಮಾಣಪತ್ರ ಕೊಡಬೇಕು. ಮನುಷ್ಯರಿಗೆ ಜನನ ಪ್ರಮಾಣಪತ್ರ ಎಷ್ಟು ಮುಖ್ಯವೋ ಬಚ್ಚಲಿಗೆ ಇದು ಅಷ್ಟೇ ಮುಖ್ಯ.

ಪ್ರಮಾಣಪತ್ರ ಇಲ್ಲ ಅಂದೆ. ಹಾಗಿದ್ದರೆ ಸೋರುವುದಿಲ್ಲ ಎಂದು ಗೊತ್ತಾಗುವುದು ಹೇಗೆ ಎಂದು ಕೇಳಿದರು. ನಡೆದದ್ದನ್ನು ಹೇಳಿದೆ. ಟೈಲ್ಸ್ ಹಾಕಿ ಮುಗಿಸಿದ ಮೇಲೆ ನಮ್ಮನೆಯವರು ಮೋರಿಯ ಬಾಯಿ ಮುಚ್ಚಿ, ಪಾದ ಮುಳುಗುವಷ್ಟು ನೀರು ನಿಲ್ಲಿಸಿದರು. ಆಮೇಲೆ ಅದರ ನೇರ ಕೆಳಗೆ, ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಶನಿವಾರ ಬೆಳಗಿನಿಂದ ಭಾನುವಾರ ಸಂಜೆಯವರೆಗೆ ಸೂರು ನೋಡುತ್ತ ಕೂತರು. ಊಟ, ತಿಂಡಿ ಎಲ್ಲ ಅಲ್ಲೇ. ಗಂಟೆಗೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು.

ನೋಟ್‌ಬುಕ್ ತಂದು ತೋರಿಸಿದೆ. ಕನ್ನಡದಲ್ಲಿದ್ದದ್ದರಿಂದ ಬ್ರೋಕರ್ ಓದಿ ಹೇಳಿ ಅಂದರು. ಓದಿದೆ. ಎಂಟು ಗಂಟೆ, ಒಣ. ಒಂಬತ್ತು ಗಂಟೆ, ಒಣ. ಹತ್ತು ಗಂಟೆ, ಒಣ. ಹೀಗೆ ಒಂದೂವರೆ ಪುಟ. ಭಾನುವಾರ ಮಧ್ಯಾಹ್ನ ಎರಡು ಗಂಟೆಯ ಎದುರು ಮಾತ್ರ "ನೆಲ ಒದ್ದೆ" ಎಂದಿತ್ತು. ಬ್ರೋಕರ್ ತಲೆಯೆತ್ತಿದರು. ಅದರ ಕೆಳಗಿನ ಸಾಲನ್ನೂ ಓದಿದೆ: "ಮಜ್ಜಿಗೆ. ನಾನೇ ಚೆಲ್ಲಿದ್ದು."

ಅವರು ಎರಡೂ ಪುಟಗಳ ಜೆರಾಕ್ಸ್ ತೆಗೆದುಕೊಂಡು ಹೋದರು. ಜಾಹೀರಾತಿನಲ್ಲಿ "ಬಚ್ಚಲುಮನೆಯ ಪರೀಕ್ಷೆಯ ಪೂರ್ಣ ದಾಖಲೆ ಲಭ್ಯ" ಎಂದು ಬಂತು. ಆ ಪ್ರತಿ ಅನೇಕರ ಕೈ ದಾಟಿತು. ಮಜ್ಜಿಗೆಯ ಬಗ್ಗೆ ಈವರೆಗೆ ಯಾರೂ ಆಕ್ಷೇಪಿಸಿಲ್ಲ.

೨. ನಿಂಬೆಹಣ್ಣು

ಫೋಟೋ ತೆಗೆಯುವ ಮೊದಲು ಮನೆಯನ್ನು ಸಿಂಗರಿಸಲು ಬೇರೊಬ್ಬ ಹೆಂಗಸು ಬಂದರು. ಅದೇ ಅವರ ಉದ್ಯೋಗ. ಸಿಂಗಾರವೆಂದರೆ ನಮ್ಮಲ್ಲಿ ಇಲ್ಲದ್ದನ್ನು ತಂದು ಇಡುವುದು. ಅವರಲ್ಲಿ ಇದ್ದದ್ದನ್ನು ತೆಗೆದು ಒಳಗಿಡುವುದು. ಸ್ಟೀಲ್ ಡಬ್ಬಿಗಳು ಹೋದವು, ಗ್ರೈಂಡರ್ ಹೋಯಿತು, ಬಾಗಿಲ ತೋರಣ ಹೋಯಿತು. ಕಿಟಕಿಯ ಕರಿಬೇವಿನ ಗಿಡವನ್ನು ಮಾತ್ರ, ಯಾವ ಜಾತಿಯದೆಂದು ತಿಳಿಯದೆ, ಚೆನ್ನಾಗಿದೆ ಎಂದು ಬಿಟ್ಟರು.

ನಡುಮನೆಯಲ್ಲಿ ನಮ್ಮನೆಯವರ ಫೋಟೋ ಇತ್ತು, ಗಂಧದ ಹಾರ ಹಾಕಿದ್ದು. ಅದರ ಮುಂದೆ ಅವರು ಸ್ವಲ್ಪ ಹೊತ್ತು ನಿಂತರು. "ಬರುವವರು ಇಲ್ಲಿ ತಮ್ಮನ್ನು ತಾವು ಕಲ್ಪಿಸಿಕೊಳ್ಳಬೇಕು. ಬೇರೆಯವರು ಇದ್ದರೆ ಕಷ್ಟ" ಎಂದು ಮೆಲ್ಲಗೆ ಹೇಳಿದರು. ಸರಿ ಎಂದು ಫೋಟೋ ತೆಗೆದು ನನ್ನ ಶಾಲೆಯ ಚೀಲದಲ್ಲಿಟ್ಟೆ. ಹೀಗಾಗಿ ನಮ್ಮನೆಯವರು ಒಂದು ವಾರ ನನ್ನ ಜೊತೆ ಒಂಬತ್ತನೆಯ ತರಗತಿಗೆ ಬಂದರು. ಬೀಜಗಣಿತ ಅವರಿಗೆ ಹೇಗೂ ಇಷ್ಟವೇ.

ಹೋಗುವ ಮೊದಲು ಆ ಹೆಂಗಸು ಊಟದ ಮೇಜಿನ ನಡುವೆ ಬಿಳಿಯ ದೊಡ್ಡ ಬಟ್ಟಲೊಂದನ್ನು ಇಟ್ಟು, ಅದರಲ್ಲಿ ಹನ್ನೊಂದು ನಿಂಬೆಹಣ್ಣು ಜೋಡಿಸಿದರು. ಅದು ಸೋಮವಾರ. ಫೋಟೋ ಶುಕ್ರವಾರ.

ಮಂಗಳವಾರ ನಾನು ಅವುಗಳನ್ನು ನೋಡಿ ಸುಮ್ಮನಿದ್ದೆ. ಬುಧವಾರವೂ ಪ್ರಯತ್ನಪಟ್ಟೆ. ಒಳ್ಳೆಯ, ತೆಳು ಸಿಪ್ಪೆಯ, ರಸ ತುಂಬಿದ ಹಣ್ಣುಗಳು. ಅಂಥವು ಬಾಡುವುದನ್ನು ಕೈಕಟ್ಟಿ ನೋಡುವ ವಿದ್ಯೆಯನ್ನು ನನ್ನ ತಾಯಿ ನನಗೆ ಕಲಿಸಿರಲಿಲ್ಲ. ಬುಧವಾರ ಸಂಜೆ ಎರಡನ್ನು ಚಿತ್ರಾನ್ನಕ್ಕೆ ಹಿಂಡಿದೆ. ಉಳಿದ ಒಂಬತ್ತನ್ನು ಹೋಳು ಮಾಡಿ, ಉಪ್ಪು ಬೆರೆಸಿ, ಗಾಜಿನ ಭರಣಿಗೆ ತುಂಬಿ, ಬಿಸಿಲು ಬೀಳುವ ಕಿಟಕಿಯಲ್ಲಿಟ್ಟೆ.

ಗುರುವಾರ ಬೆಳಿಗ್ಗೆ ಸಿಂಗರಿಸಿದವರು ಒಮ್ಮೆ ನೋಡಿ ಹೋಗಲು ಬಂದರು. ಖಾಲಿ ಬಟ್ಟಲು ನೋಡಿದರು, ನನ್ನ ಮುಖ ನೋಡಿದರು. ನಾನು ಭರಣಿ ತೋರಿಸಿದೆ. ಆರು ವಾರ ಬಿಟ್ಟರೆ ಚೆನ್ನಾಗಿ ಕಳಿಯುತ್ತದೆ, ಬೇಕಿದ್ದರೆ ಅವರಿಗೂ ಒಂದಿಷ್ಟು ಕೊಡುತ್ತೇನೆ ಎಂದೆ. ಅವರು ಕೋಪಿಸಿಕೊಳ್ಳಲಿಲ್ಲ. ಮಧ್ಯಾಹ್ನದೊಳಗೆ ಬೇರೆ ಹನ್ನೊಂದು ತಂದು ಜೋಡಿಸಿ, ಇವುಗಳನ್ನು ಮುಟ್ಟಬೇಡಿ ಎಂದು ಒಂದು ಚೀಟಿಯನ್ನೂ ಇಟ್ಟು ಹೋದರು.

ಶಾಲೆಯಿಂದ ಬಂದಾಗ ಬಾಯಾರಿತ್ತು. ಹನ್ನೊಂದರಲ್ಲಿ ಒಂದು ಹೋದರೆ ಯಾರಿಗೆ ತಿಳಿಯುತ್ತದೆ, ಒಂದು ಲೋಟ ಪಾನಕ ಮಾಡಿಕೊಳ್ಳೋಣ ಅಂದುಕೊಂಡೆ. ಅವು ಮೇಣದವು. ಚಾಕು ಅರ್ಧ ಇಳಿದ ಮೇಲೆ ಗೊತ್ತಾಯಿತು.

ಕೊಯ್ದ ಭಾಗ ಕೆಳಗೆ ಬರುವಂತೆ ತಿರುಗಿಸಿ ಇಟ್ಟೆ. ಫೋಟೋದಲ್ಲಿ ಎಡದಿಂದ ಎರಡನೆಯದು.

೩. ತಿಳಿದಿರುವ ದೋಷಗಳು

ಮಾರುವವರು ಮನೆಯಲ್ಲಿ ತಮಗೆ ತಿಳಿದಿರುವ ದೋಷಗಳನ್ನೆಲ್ಲ ಬರೆದುಕೊಡಬೇಕೆಂದು ಒಂದು ಫಾರಂ ಇದೆ. ಸಾಮಾನ್ಯವಾಗಿ ಎಲ್ಲರೂ "ಯಾವುದೂ ತಿಳಿದಿಲ್ಲ" ಎಂದು ಬರೆದು ಸಹಿ ಮಾಡುತ್ತಾರಂತೆ. ನನಗೆ ಅದನ್ನು ಯಾರೂ ಮೊದಲೇ ಹೇಳಲಿಲ್ಲ. ಹೇಳಿದ್ದರೂ ನಾನು ಹಾಗೆ ಬರೆಯುತ್ತಿರಲಿಲ್ಲ. ನಿಜ ಬರೆಯುವುದು ನನ್ನ ಕರ್ತವ್ಯ. ನಿಜ ಓದಿ ಕೊಳ್ಳುವವರು ಓಡಿಹೋದರೆ ಅದು ನನ್ನ ತಪ್ಪಲ್ಲ.

ಒಂದು ಶನಿವಾರ, ಭಾನುವಾರ ಪೂರ್ತಿ ಕೂತು ಬರೆದೆ. ಫಾರಂ ಸಾಲದೆ ಗ್ರಾಫ್ ಹಾಳೆಗಳನ್ನು ಸೇರಿಸಿದೆ. ಒಟ್ಟು ಅರವತ್ತಮೂರು ಆದವು. ಕೆಲವನ್ನು ಇಲ್ಲಿ ಕೊಡುತ್ತೇನೆ.

ಮಹಡಿಯ ಏಳನೆಯ ಮೆಟ್ಟಿಲು: ಎಡಗಾಲಿಟ್ಟರೆ ಕಿರುಗುಟ್ಟುತ್ತದೆ, ಬಲಗಾಲಿಟ್ಟರೆ ಇಲ್ಲ. ಅಡುಗೆಮನೆಯ ಮೂರನೆಯ ಕಪಾಟು: ನವೆಂಬರ್‌ನಿಂದ ಮಾರ್ಚ್‌ವರೆಗೆ ತಾನಾಗಿ ತೆರೆದುಕೊಳ್ಳುತ್ತದೆ. ಒಲೆಯ ಹಿಂದಿನ ಗೋಡೆ: ಇಂಗಿನ ಒಗ್ಗರಣೆಯ ವಾಸನೆ, ಎರಡು ಸಲ ಬಣ್ಣ ಬಳಿದಿದೆ, ಹೋಗಿಲ್ಲ. ಮಲಗುವ ಕೋಣೆ: ಐದನೆಯ ಮನೆಯವರು ಸೀನಿದರೆ ಕೇಳಿಸುತ್ತದೆ. ಅಡುಗೆಮನೆಯ ಬಾಗಿಲ ಬಳಿಯ ಸ್ವಿಚ್: ಹಾಕಿದರೆ ಏನೂ ಹೊತ್ತುವುದಿಲ್ಲ, ಆರಿಸಿದರೆ ಏನೂ ಆರುವುದಿಲ್ಲ, ಉದ್ದೇಶ ತಿಳಿದಿಲ್ಲ.

ಬ್ರೋಕರ್ ನನ್ನೆದುರು ಕೂತೇ ಓದಿದರು. ಸ್ವಿಚ್ಚಿನ ಬಳಿ ಬಂದು, ಅದನ್ನು ಹಾಕಿದವರನ್ನೇ ಒಂದು ಮಾತು ಕೇಳಬಹುದಲ್ಲ ಎಂದರು. ಅಂದ ಮೇಲೆ ನೆನಪಾಗಿ, ಕಿವಿಯವರೆಗೆ ಕೆಂಪಾಗಿ, ಎರಡು ಪುಟ ಒಟ್ಟಿಗೆ ತಿರುವಿದರು. ಪರವಾಗಿಲ್ಲ, ಸಂಜೆ ಅಡುಗೆಮನೆಗೆ ಹೋದಾಗಲೆಲ್ಲ ನನಗೂ ಹಾಗೇ ಅನಿಸುತ್ತದೆ ಎಂದೆ.

ಆಮೇಲೆ ಅವರು ಸಮಾಧಾನದಿಂದ ವಿವರಿಸಿದರು. ಎಲ್ಲ ಬರೆಯಬೇಕಾಗಿಲ್ಲ, ಮುಖ್ಯವಾದದ್ದು ಸಾಕು. ಮುಖ್ಯ ಎಂದರೆ ಯಾವುದು ಎಂದು ಕೇಳಿದೆ. ಕೊಳ್ಳುವವರು ತಿಳಿದರೆ ಹಿಂಜರಿಯುವಂಥದ್ದು ಅಂದರು. ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿದೆ. ಹಾಗಿದ್ದರೆ ಎಲ್ಲವೂ ಮುಖ್ಯವೇ ಅಂದೆ.

ಫಲ ನಾನು ಎಣಿಸಿದ್ದಕ್ಕೆ ತದ್ವಿರುದ್ಧವಾಗಿ ಬಂತು. ಪಟ್ಟಿ ಓದಿದವರೆಲ್ಲ, ಇಷ್ಟು ಚಿಕ್ಕ ದೋಷ ಬರೆದವರು ದೊಡ್ಡದನ್ನು ಮುಚ್ಚಿಟ್ಟಿರಲಾರರು ಎಂದು ನಂಬಿದರು. ಮನೆ ನೋಡಲು ಹೆಸರು ಕೊಟ್ಟವರು ಎರಡರಷ್ಟಾದರು. ತಪಾಸಣೆಗೆಂದು ಬಂದ ಎಂಜಿನಿಯರ್ ಏಣಿ, ಟಾರ್ಚು, ತೇವ ಅಳೆಯುವ ಸೂಜಿ ಎಲ್ಲ ಹಿಡಿದು ಅರ್ಧ ದಿನ ಹುಡುಕಿ ನಾಲ್ಕು ದೋಷ ಕಂಡುಹಿಡಿದರು. ನಾಲ್ಕೂ ನನ್ನ ಪಟ್ಟಿಯಲ್ಲಿದ್ದವು. ಮರುದಿನ ಅವರು ಬ್ರೋಕರ್‌ಗೆ ಫೋನ್ ಮಾಡಿ, ಆ ಪಟ್ಟಿ ಮಾಡಿದವರಿಗೆ ಕೆಲಸ ಬೇಕಿದೆಯೇ ಎಂದು ವಿಚಾರಿಸಿದರಂತೆ.

೪. ಬಟ್ಟೆಯ ಬೀರು

ಮನೆ ತೋರಿಸುವ ಹೊತ್ತಿನಲ್ಲಿ ಮಾರುವವರು ಮನೆಯಲ್ಲಿ ಇರಬಾರದೆಂಬುದು ಇಲ್ಲಿನ ಪದ್ಧತಿ. ಮೊದಲ ಪ್ರದರ್ಶನ ಭಾನುವಾರ ಮಧ್ಯಾಹ್ನ. ನಾನು ಐದನೆಯ ಮನೆಯ ಅಜ್ಜಿಯ ಅಡುಗೆಮನೆಯಲ್ಲಿ ಕೂತೆ. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಒಪ್ಪಿಗೆಯನ್ನು ಕೂಡ ಮಾತಿನಲ್ಲಿ ಹೇಳದೆ, ಉಸಿರನ್ನು ಚುರುಕ್ಕೆಂದು ಒಳಗೆಳೆದುಕೊಂಡು ತಿಳಿಸುವ ಜನ.

ನನಗೆ ಕಾಫಿ ಬಗ್ಗಿಸಿ ಕೊಟ್ಟು ಅವರು ಕೋಟು ಹಾಕಿಕೊಂಡರು. ಎಲ್ಲಿಗೆ ಎಂದು ಕೇಳಿದೆ. ನಿಮ್ಮ ಮನೆ ನೋಡಲು ಎಂದರು. ಹದಿನಾಲ್ಕು ವರ್ಷದಿಂದ ಪಕ್ಕದಲ್ಲಿದ್ದೀರಲ್ಲ, ಯಾವತ್ತು ಬೇಕಾದರೂ ಬರಬಹುದಿತ್ತಲ್ಲ ಅಂದೆ. ಕರೆಯದೆ ಹೇಗೆ ಬರುವುದು, ಇವತ್ತು ಪೇಪರಿನಲ್ಲಿ ಹಾಕಿ ಕರೆದಿದ್ದೀರಿ ಅಂದರು. ಆ ದಿನ ನಮ್ಮ ಸಾಲಿನ ಉಳಿದ ಆರು ಮನೆಗಳವರೂ ಹೋಗಿ ನೋಡಿ ಬಂದರು.

ಅರ್ಧ ಗಂಟೆ ಬಿಟ್ಟು ಬಂದು ಅವರು ವರದಿ ಒಪ್ಪಿಸಿದರು. ಜನ ತುಂಬ. ಎಲ್ಲ ಬಾಗಿಲು ತೆಗೆದು ನೋಡುತ್ತಾರೆ. ಫ್ರಿಜ್ಜನ್ನೂ ನೋಡಿದರು.

ನಾನು ಕಾಫಿ ಕೆಳಗಿಟ್ಟೆ. ಅಡುಗೆಮನೆಯ ದೇವರ ಗೂಡನ್ನು ಖಾಲಿ ಮಾಡಬೇಕೆಂದು ಸಿಂಗರಿಸಲು ಬಂದವರು ಹೇಳಿದ್ದರಿಂದ ಗಣಪತಿ, ಲಕ್ಷ್ಮಿ, ಕೃಷ್ಣ ಎಲ್ಲರನ್ನೂ ಮಹಡಿಯ ಬಟ್ಟೆಯ ಬೀರುವಿನೊಳಗೆ, ಟವೆಲ್‌ಗಳ ಕೆಳಗಿನ ಅರೆಯಲ್ಲಿ ಇಟ್ಟಿದ್ದೆ. ಬೀರು ತೆಗೆದರೇ ಎಂದು ಕೇಳಿದೆ.

ಅಜ್ಜಿ ಉಸಿರು ಒಳಗೆಳೆದುಕೊಂಡರು. ಒಬ್ಬ ಗಂಡಸು ತೆಗೆದನಂತೆ. ಒಳಗೆ ನೋಡಿದನಂತೆ. "ಕ್ಷಮಿಸಿ" ಅಂದು ತಟ್ಟನೆ ಬಾಗಿಲು ಮುಚ್ಚಿದನಂತೆ, ಸ್ನಾನ ಮಾಡುತ್ತಿರುವವರ ಕೋಣೆಗೆ ನುಗ್ಗಿಬಿಟ್ಟವನ ಹಾಗೆ. ಆಮೇಲೆ ಹೆಂಡತಿಗೆ, ಆ ಬೀರುವಿನಲ್ಲಿ ಜನ ಇದ್ದಾರೆ ಅಂದನಂತೆ.

೫. ಒಂದು ಜೊತೆ ಶೂ

ಅದೇ ಭಾನುವಾರದ ಇನ್ನೊಂದು ಸಂಗತಿ. ಬಾಗಿಲ ಬಳಿ ಗಂಡಸಿನ ಒಂದು ಜೊತೆ ಶೂ ಇದ್ದರೆ ಸಂಸಾರದ ಮನೆ ಅನಿಸುತ್ತದೆ ಎಂದು ಸಿಂಗರಿಸಿದವರು ಹೇಳಿದ್ದರು. ನಮ್ಮನೆಯವರ ಬಟ್ಟೆಗಳನ್ನೆಲ್ಲ ಕೊಟ್ಟಾಗಿತ್ತು. ಕಂದು ಬಣ್ಣದ ಒಂದು ಜೊತೆ ಶೂ ಮಾತ್ರ ಅಟ್ಟದ ಡಬ್ಬದಲ್ಲಿ ಉಳಿಸಿಕೊಂಡಿದ್ದೆ. ಅದನ್ನು ಇಳಿಸಿ, ಪಾಲಿಶ್ ಮಾಡಿ, ಬಾಗಿಲ ಬಳಿ ಇಟ್ಟೆ. ಎರಡು ವರ್ಷದ ಮೇಲೆ ಅದು ಅಲ್ಲಿ ಇದ್ದದ್ದು ನೋಡಿ, ಸಿಂಗರಿಸಿದವರ ಮಾತು ನಿಜವೇ ಅನಿಸಿತು.

ಈ ಊರಿನಲ್ಲೂ ನಮ್ಮ ಹಾಗೆ ಶೂ ಬಿಚ್ಚಿಯೇ ಒಳಗೆ ಬರುವುದು. ಪ್ರದರ್ಶನ ಮುಗಿದು ನಾನು ಮನೆಗೆ ಬಂದಾಗ ಕಂದು ಶೂ ಇರಲಿಲ್ಲ. ಆ ಜಾಗದಲ್ಲಿ ಕಪ್ಪು ಶೂ ಇತ್ತು, ಬೇರೆಯವರದು.

ಬ್ರೋಕರ್‌ಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಶೂ ಬೇಕೇಬೇಕೇ ಎಂದು ಅವರು ಕೇಳಿದರು. ಬೇಕು ಅಂದೆ. ನನ್ನ ದನಿ ಹೇಗಿತ್ತೋ, ಅವರು ಮತ್ತೆ ಏನೂ ಕೇಳಲಿಲ್ಲ. ಮನೆ ನೋಡಲು ಬಂದು ಹೆಸರು ಬರೆಸಿದ್ದವರಿಗೆಲ್ಲ ಒಂದೊಂದಾಗಿ ಫೋನ್ ಮಾಡಿ, ದಯವಿಟ್ಟು ಕೆಳಗೆ ನೋಡಿ, ಕಾಲಲ್ಲಿರುವುದು ನಿಮ್ಮದೇ ಶೂ ಹೌದೇ ಎಂದು ವಿಚಾರಿಸಿದರು. ಹತ್ತೊಂಬತ್ತನೆಯವರು ಶೋವ್ಡೆ ಎಂಬ ಊರಿನವರು. ಕೆಳಗೆ ನೋಡಿಕೊಂಡು, ಎರಡು ಗಂಟೆ ಕಾರು ಓಡಿಸಿದರೂ ಕಾಲು ನೋಯದೆ ಇದ್ದದ್ದು ಏಕೆಂದು ಈಗ ತಿಳಿಯಿತು ಅಂದರಂತೆ.

ಬುಧವಾರ ಸಂಜೆ ಆ ಮನುಷ್ಯ ಅಷ್ಟು ದೂರದಿಂದ ಮತ್ತೆ ಬಂದರು. ಶೂಗಳನ್ನು ಕಾಗದದಲ್ಲಿ ಸುತ್ತಿ ತಂದಿದ್ದರು. ಬಲಗಾಲಿನ ಹಿಮ್ಮಡಿ ಸಡಿಲವಾಗಿತ್ತು, ಕ್ಷಮೆಯ ಗುರುತಾಗಿ ರಿಪೇರಿ ಮಾಡಿಸಿದ್ದೇನೆ ಅಂದರು. ಆ ಹಿಮ್ಮಡಿಯನ್ನು ಈ ವಾರ ಮಾಡಿಸುತ್ತೇನೆ, ಮುಂದಿನ ವಾರ ಮಾಡಿಸುತ್ತೇನೆ ಎಂದು ನಮ್ಮನೆಯವರು ಒಂದು ವರ್ಷ ದೂಡಿದ್ದರು.

ಅವರು ಹಿಂಜರಿಯುತ್ತ, ನಿಮ್ಮ ಯಜಮಾನರಿಗೆ ಬಹಳ ಕೋಪ ಬಂದಿರಬೇಕು ಅಂದರು. ಇಲ್ಲ, ಅವರು ಏನೂ ಅನ್ನಲಿಲ್ಲ ಅಂದೆ. ನನ್ನ ಪರವಾಗಿ ಕ್ಷಮೆ ಕೇಳಿ ಅಂದರು. ಕೇಳುತ್ತೇನೆ ಅಂದೆ.

ಮನೆಗೆ ಬೆಲೆ ಹೇಳುತ್ತೀರಾ ಎಂದು ಬ್ರೋಕರ್ ಆಮೇಲೆ ಅವರನ್ನು ಕೇಳಿದರಂತೆ. ಮನೆ ನಮಗೆ ಒಂದು ಸೈಜು ದೊಡ್ಡದು, ಸರಿಹೋದದ್ದು ಶೂ ಮಾತ್ರ ಅಂದರಂತೆ.

೬. ಇನ್ನೊಬ್ಬ ಗ್ರಾಹಕಿ

ಎರಡನೆಯ ಪ್ರದರ್ಶನ ಮರುದಿನವೇ, ಸೋಮವಾರ ಸಂಜೆ ನಡೆದಿತ್ತು. ಶೂ ಇನ್ನೂ ಶೋವ್ಡೆಯಲ್ಲೇ ಇತ್ತು. ಅವತ್ತು ನಮ್ಮ ಬ್ರೋಕರ್‌ಗೆ ಬೇರೆ ಊರಿನಲ್ಲಿ ಕೆಲಸವಿತ್ತು. ಅವರ ಕಚೇರಿಯ ಹಿರಿಯರೊಬ್ಬರು ಬಂದಿದ್ದರು. ಅವರನ್ನು ನಾನು ನೋಡಿರಲಿಲ್ಲ, ನನ್ನನ್ನು ಅವರೂ ನೋಡಿರಲಿಲ್ಲ.

ಅಜ್ಜಿಯ ಮನೆಯಲ್ಲಿ ಕೂತು ಕೆಂಪು ಪೆನ್ನು ತೆಗೆದ ಮೇಲೆ ನೆನಪಾಯಿತು, ತಿದ್ದಬೇಕಾದ ಇಪ್ಪತ್ನಾಲ್ಕು ಉತ್ತರಪತ್ರಿಕೆಗಳನ್ನು ನಮ್ಮ ಊಟದ ಮೇಜಿನ ಮೇಲೇ ಬಿಟ್ಟು ಬಂದಿದ್ದೇನೆ ಎಂದು. ಬೆಳಿಗ್ಗೆ ಮಕ್ಕಳಿಗೆ ಕೊಡಬೇಕಿತ್ತು. ತಂದುಬಿಡೋಣ ಎಂದು ಹೋದೆ.

ಬಾಗಿಲಲ್ಲಿ ಆ ಹಿರಿಯರು ರಟ್ಟಿನ ಮೇಲೆ ಪಟ್ಟಿ ಹಿಡಿದು ನಿಂತಿದ್ದರು. ಹೆಸರು, ಫೋನ್ ನಂಬರು ಬರೆಯಿರಿ ಎಂದು ಪೆನ್ನು ಕೊಟ್ಟರು. ಮೂವತ್ತು ವರ್ಷ ಹಾಜರಿ ತೆಗೆದವಳು ನಾನು. ಯಾರಾದರೂ ಹಾಜರಿ ಪಟ್ಟಿ ಹಿಡಿದರೆ ಮೊದಲು ಹೆಸರು, ಆಮೇಲೆ ಮಾತು. ಬರೆದೆ. ನನ್ನ ಹೆಸರಿನ ಜೊತೆ ಇರುವುದು ನಮ್ಮ ತಂದೆಯ ಹೆಸರು, ಮನೆಯ ಕಾಗದದಲ್ಲಿರುವುದು ನಮ್ಮನೆಯವರ ಹೆಸರು, ಹಾಗಾಗಿ ಅವರಿಗೆ ಏನೂ ಅನುಮಾನ ಬರಲಿಲ್ಲ. ಇದು ನನ್ನದೇ ಮನೆ ಎಂದು ಹೇಳಲು ನಾನು ಸ್ವೀಡಿಷ್ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಅವರು ಅಡುಗೆಮನೆ ತಲುಪಿ, ಬನ್ನಿ ಎಂದು ಕೈ ಬೀಸುತ್ತಿದ್ದರು. ಹಿಂದೆ ಹೋದೆ.

"ಇದನ್ನೆಲ್ಲ ಮನೆಯ ಯಜಮಾನರೇ ಕೈಯಾರೆ ಮಾಡಿದ್ದು" ಎಂದು ಅವರು ಕಪಾಟಿನ ಅಂಚಿನ ಮೇಲೆ ಅಂಗೈ ಸವರಿದರು. "ನೋಡಿ ಈ ಜೋಡಣೆ. ಕೂದಲು ತೂರುವಷ್ಟೂ ಸಂದಿಲ್ಲ."

ನಾನು ಮಾತಾಡಲಿಲ್ಲ. ಗ್ರಾಹಕಿಗೆ ಇನ್ನೂ ಒಪ್ಪಿಗೆಯಾಗಿಲ್ಲ ಎಂದುಕೊಂಡು ಅವರು ಇನ್ನಷ್ಟು ಹೊಗಳಿದರು. ನೆಲದ ಹಲಗೆ, ಕಿಟಕಿಯ ಚೌಕಟ್ಟು, ಬಚ್ಚಲಿನ ಇಳಿಜಾರು, ಒಂದೊಂದಕ್ಕೂ ಬಗ್ಗಿ, ಮುಟ್ಟಿ, ಗುರುತು ತೋರಿಸಿ. ನಮ್ಮನೆಯವರು ಇದ್ದಾಗ ನಾನು ಇದರಲ್ಲಿ ಕಾಲು ಭಾಗವೂ ಹೊಗಳಿರಲಿಲ್ಲ. ಯಾವಾಗ ಮುಗಿಯುತ್ತದೆ ಎಂದಷ್ಟೇ ಕೇಳುತ್ತಿದ್ದೆ. ಇಪ್ಪತ್ತು ನಿಮಿಷ ಪೂರ್ತಿ ಕೇಳಿಸಿಕೊಂಡೆ.

ಮಹಡಿಯಲ್ಲಿ ಅವರು, ನಿಮ್ಮ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು. ಒಬ್ಬಳೇ ಅಂದೆ. ಅವರು ಸುತ್ತ ನೋಡಿ, ದನಿ ತಗ್ಗಿಸಿ, "ನಾನು ಮಾರುವವನು, ಇದನ್ನು ಹೇಳಬಾರದು. ಒಬ್ಬರಿಗೆ ಇದು ತುಂಬ ದೊಡ್ಡದಾಗುತ್ತದೆ" ಎಂದರು.

ಕೆಳಗಿಳಿದು ಬಂದು ನಾನು ಮೇಜಿನ ಮೇಲಿನ ಉತ್ತರಪತ್ರಿಕೆಗಳ ಕಟ್ಟನ್ನು ಎತ್ತಿಕೊಂಡೆ. ಅವರು ವಿನಯದಿಂದ ಅಡ್ಡ ಬಂದರು. "ಅದು ಮನೆಯವರ ಸಾಮಾನು. ಅಲ್ಲೇ ಇಡಿ."

ಇಟ್ಟೆ. ಹೊರಗೆ ಬಂದೆ. ಪೇಪರು ಎಲ್ಲಿ ಎಂದು ಅಜ್ಜಿ ಕೇಳಿದರು. ಕೊಡಲಿಲ್ಲ ಅಂದೆ. ಯಾರ ಪೇಪರು ಎಂದು ಕೇಳಿದರು. ನನ್ನದೇ ಅಂದೆ. ಅವರು ಉಸಿರು ಒಳಗೆಳೆದುಕೊಂಡರು.

ಗುರುವಾರ ಹರಾಜು ಶುರುವಾಯಿತು. ಇಲ್ಲಿ ಅದು ಫೋನಿನಲ್ಲೇ ನಡೆಯುತ್ತದೆ. ಆಸಕ್ತಿ ಇದ್ದವರಿಗೆಲ್ಲ, ಒಬ್ಬರು ಬೆಲೆ ಏರಿಸಿದಾಗಲೆಲ್ಲ ಮೆಸೇಜು ಹೋಗುತ್ತದೆ. ಪಟ್ಟಿಯಲ್ಲಿ ಹೆಸರಿದ್ದ ನನಗೂ ಬಂತು: ಹೊಸ ಬೆಲೆ ಬಂದಿದೆ, ನೀವು ಏರಿಸುತ್ತೀರಾ? ಎರಡು ತರಗತಿಗಳ ನಡುವಿನ ಬಿಡುವಿನಲ್ಲಿ ಆ ಹಿರಿಯರೇ ಫೋನ್ ಮಾಡಿದರು. ಎರಡು ಕುಟುಂಬಗಳು ಪೈಪೋಟಿಯಲ್ಲಿವೆ, ನಿಮ್ಮ ಅಭಿಪ್ರಾಯ ಏನು ಎಂದು ಕೇಳಿದರು.

ಆಗಲೇ ನಿಜ ಹೇಳಿಬಿಡಬೇಕಿತ್ತು. ಆದರೆ ಮನೆ ಇಟ್ಟುಕೊಳ್ಳುತ್ತೀರಾ ಬಿಡುತ್ತೀರಾ ಎಂದು ಇಷ್ಟು ನೇರವಾಗಿ ನನ್ನನ್ನು ಯಾರೂ ಕೇಳಿರಲಿಲ್ಲ. ಮಗಳು ಬಾ ಅಂದಿದ್ದಳು, ಬ್ರೋಕರ್ ಸಹಿ ಕೇಳಿದ್ದರು.

ಆ ಎರಡು ಕುಟುಂಬಗಳು ಯಾರು ಎಂದೆ. ಒಂದರಲ್ಲಿ ಇಬ್ಬರು ಚಿಕ್ಕ ಮಕ್ಕಳು, ಇನ್ನೊಂದು ಗಂಡಹೆಂಡತಿ, ಶರತ್ಕಾಲಕ್ಕೆ ಹೆರಿಗೆ ಎಂದರು. ನಿಮಗೆ ಮನೆ ಬಹಳ ಹಿಡಿಸಿತ್ತು ಅನಿಸಿತು ನನಗೆ ಎಂದೂ ಸೇರಿಸಿದರು.

"ಹೌದು, ಬಹಳ ಹಿಡಿಸಿತ್ತು."

"ಹಾಗಿದ್ದರೆ ನಿಮ್ಮ ಹೆಸರು ಇರಲೇ, ತೆಗೆಯಲೇ?"

ಗಂಟೆ ಹೊಡೆಯಿತು. ಮಕ್ಕಳು ಕಾರಿಡಾರಿನಲ್ಲಿ ಓಡಿದರು.

"ತೆಗೆಯಿರಿ" ಅಂದೆ.

ಸಂಜೆ ನಮ್ಮ ಬ್ರೋಕರ್ ಫೋನ್ ಮಾಡಿದರು. ಇಬ್ಬರು ಮಕ್ಕಳಿರುವ ಕುಟುಂಬದ ಬೆಲೆ ನಿಂತಿದೆ, ಒಪ್ಪಿಗೆಯೇ ಎಂದು ಕೇಳಿದರು. ಒಪ್ಪಿಗೆ ಎಂದೆ. ಇನ್ನೊಬ್ಬ ಗ್ರಾಹಕಿಯೂ ಇದ್ದರಂತೆ, ತಾವಾಗಿ ಬಿಟ್ಟುಕೊಟ್ಟರಂತೆ, ಒಳ್ಳೆಯದೇ ಆಯಿತು ಎಂದರು. ಆ ಹೆಂಗಸು ನಿಮ್ಮ ಮೇಜಿನಿಂದ ಏನೋ ಕಾಗದ ಎತ್ತಿಕೊಂಡು ಹೋಗಲು ನೋಡಿದರಂತೆ, ಎಲ್ಲ ಸರಿಯಾಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ ಎಂದೂ ಹೇಳಿದರು. ಸರಿಯಾಗಿದೆ, ಇಪ್ಪತ್ನಾಲ್ಕೂ ಇವೆ ಅಂದೆ.

ಮರುವಾರ ಒಪ್ಪಂದಕ್ಕೆ ಸಹಿ ಹಾಕಲು ಲಿಂಕೋಪಿಂಗ್‌ನ ಅವರ ಕಚೇರಿಗೆ ಹೋದೆ. ಮಗಳು ತನ್ನ ಭಾಗದ ಅಧಿಕಾರಪತ್ರ ಕಳಿಸಿದ್ದಳು. ಬಸ್ಸು ಬೇಗ ತಲುಪಿದ್ದರಿಂದ ಹೊರಗಿನ ಕುರ್ಚಿಯಲ್ಲಿ ಕೂತಿದ್ದೆ. ಆ ಹಿರಿಯರು ಕಾರಿಡಾರಿನಲ್ಲಿ ಬಂದವರು ನನ್ನನ್ನು ನೋಡಿ ನಿಂತುಬಿಟ್ಟರು. ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.

"ನೀವು ಇಲ್ಲಿಯವರೆಗೂ ಬರುತ್ತೀರಿ ಅಂದುಕೊಂಡಿರಲಿಲ್ಲ" ಅಂದರು. "ಆ ಮನೆ ಕೈತಪ್ಪಿಹೋಯಿತು. ಇನ್ನೇನೂ ಮಾಡುವಂತಿಲ್ಲ."

ಗೊತ್ತು ಅಂದೆ.

ಅವರು ಎದ್ದು ಹೋಗಿ ಕಾಫಿ ತಂದರು. ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡು, ಮೆಲ್ಲಗೆ, ಬಿಡಿಸಿ ಬಿಡಿಸಿ ಸಮಾಧಾನ ಹೇಳತೊಡಗಿದರು. ಮನಸ್ಸಿಟ್ಟದ್ದು ಹೋದಾಗ ನೋವಾಗುತ್ತದೆ. ನೋವಾಗಬಾರದು ಎಂದು ನಾನು ಹೇಳುವುದಿಲ್ಲ. ಇಂಥದ್ದೇ ಮತ್ತೊಂದು ಸಿಗುತ್ತದೆ ಎಂದೂ ಹೇಳುವುದಿಲ್ಲ, ಸಿಗುವುದಿಲ್ಲ. ಆದರೆ ಚಿಕ್ಕದೊಂದು ಸಿಗುತ್ತದೆ, ಅದರಲ್ಲೂ ಬೆಳಗಿನ ಬಿಸಿಲು ಬರುತ್ತದೆ, ಒಂದು ದಿನ ಅದೂ ನಿಮ್ಮದು ಅನಿಸುತ್ತದೆ.

ನಮ್ಮನೆಯವರು ಹೋದಾಗ ಇಲ್ಲಿನವರೆಲ್ಲ ಬಾಗಿಲವರೆಗೆ ಬಂದು, ಕೈಗೆ ಹೂವು ಕೊಟ್ಟು, ಕಣ್ಣು ತಪ್ಪಿಸಿ ಹೋಗಿದ್ದರು. ಎರಡು ವರ್ಷದಲ್ಲಿ ಇಷ್ಟು ಹೊತ್ತು ಕೂತು ಯಾರೂ ಸಮಾಧಾನ ಹೇಳಿರಲಿಲ್ಲ. ಹಾಗಾಗಿ ಅರ್ಧದಲ್ಲಿ ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ. ಹತ್ತು ನಿಮಿಷ ಪೂರ್ತಿ ಕೇಳಿಸಿಕೊಂಡು, ಕರವಸ್ತ್ರ ತೆಗೆದು, ಕಣ್ಣು ಒರೆಸಿಕೊಂಡೆ. ಅವರೂ ಒಂದು ಸಲ ಮೂಗು ಒರೆಸಿಕೊಂಡರು.

ಅಷ್ಟರಲ್ಲಿ ಒಳಗಿನ ಬಾಗಿಲು ತೆರೆಯಿತು. ನಮ್ಮ ಬ್ರೋಕರ್ ಇಣುಕಿ, ಪರಿಚಯ ಆಗಲೇ ಆಯಿತೇ, ಒಳ್ಳೆಯದು ಅಂದರು. "ಬನ್ನಿ. ಕೊಳ್ಳುವವರು ಬಂದು ಕೂತಿದ್ದಾರೆ. ಮೊದಲು ಮನೆಯ ಒಡತಿಯ ಸಹಿ."

ನಾನು ಎದ್ದು ಹಿರಿಯರಿಗೆ ಥ್ಯಾಂಕ್ಸ್ ಹೇಳಿದೆ. ಅವರು ನನಗಾಗಿ ತಂದಿದ್ದ ಕಾಫಿಯನ್ನು ಕೂತಲ್ಲೇ, ಒಂದೇ ಗುಟುಕಿಗೆ, ತಾವೇ ಕುಡಿದುಬಿಟ್ಟರು.